ದನಿಯಲ್ಲಷ್ಟೇ ಬಲ್ಲವರನ್ನು ಎದುರು ಕಾಣಲು ಮೊದಲ ಸಲ ಪರದೇಶಕ್ಕೆ: ಅನುಭವಸ್ಥರ ಮಾತು ಬೇಕಾಗಿದೆ

ಸೋಂದಾ ದಾರಿ (ಶಿರಸಿ)

ಶಿರಸಿಯಿಂದ ಸೋಂದಾಕ್ಕೆ ಹೋಗುವ ದಾರಿಯಲ್ಲಿ ಅಡಿಕೆ ತೋಟದ ನಡುವಿನ ಮನೆ ನಮ್ಮದು. ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು; ವಯಸ್ಸು ಮೂವತ್ತು ದಾಟಿದೆ, ಮದುವೆಯಾಗಿಲ್ಲ. ಬೆಳಗಿನ ಜಾವ ತೋಟದಲ್ಲಿ ಕೇಳುವ ಹಕ್ಕಿಗಳ ಕೂಗನ್ನು ಮುದ್ರಿಸಿಕೊಂಡು ಝೀನೋ-ಕ್ಯಾಂಟೊ ತಾಣಕ್ಕೆ ಏರಿಸುವ ಹವ್ಯಾಸ ಬಹಳ ಕಾಲದಿಂದ ಇದೆ. ಲೋಕದ ಎಲ್ಲೆಡೆಯ ಹಕ್ಕಿದನಿಗಳನ್ನು ಯಾರು ಬೇಕಾದರೂ ಕೇಳುವಂತೆ 2005ರಿಂದ ಕೂಡಿಡುತ್ತ ಬಂದಿರುವ ತಾಣ ಅದು. ನಾನು ಏರಿಸಿದ್ದ ಭೀಮರಾಜ ಹಕ್ಕಿಯ ಕೂಗೊಂದನ್ನು ಕೇಳಿದ ಜರ್ಮನಿಯ ಲೈಪ್‌ಜಿಗ್ ನಗರದ ಒಬ್ಬರು, ಹಿನ್ನೆಲೆಯಲ್ಲಿ ಒಂದೇ ಲಯದಲ್ಲಿ ಬರುತ್ತಿರುವ ಸಣ್ಣ ಸದ್ದು ಯಾವ ಹಕ್ಕಿಯದು ಎಂದು ಬರೆದು ಕೇಳಿದರು. ಅದು ಹಕ್ಕಿಯಲ್ಲ, ಅಂಗಳದಲ್ಲಿ ನಮ್ಮ ಆಯಿ (ಅಮ್ಮ) ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವ ಸದ್ದು ಎಂದು ಉತ್ತರಿಸಿದೆ. ಮಾತು ಅಲ್ಲಿಂದ ಶುರುವಾಯಿತು.

ಈಗ ಕೆಲವು ವರ್ಷಗಳಿಂದ ನಾವು ದಿನವೂ ಮಾತಾಡುತ್ತೇವೆ. ಮದುವೆ ಎಂಬ ಮಾತನ್ನು ಇಬ್ಬರೂ ಬಾಯಿಬಿಟ್ಟು ಆಡಿಲ್ಲ, ಆದರೆ ಮಾತು ಯಾವ ಕಡೆಗೆ ಸಾಗುತ್ತಿದೆ ಎಂಬುದು ಇಬ್ಬರಿಗೂ ಗೊತ್ತಿದೆ. ಹುಬ್ಬಳ್ಳಿಗೆ ಹೋಗಿ ಪಾಸ್‌ಪೋರ್ಟ್ ಮಾಡಿಸಿಕೊಂಡು ಬಂದಿದ್ದೇನೆ. ಅಲ್ಲಿ ನೈಟಿಂಗೇಲ್ ಹಾಡುವ ಕಾಲವೆಂದು ಮೇ ತಿಂಗಳಲ್ಲಿ ಹೋಗಬೇಕೆಂದಿದ್ದೇನೆ. ವಿಮಾನ ಹತ್ತಿದವಳಲ್ಲ, ಬೆಂಗಳೂರಿನಿಂದ ಆಚೆಗೆ ಒಬ್ಬಳೇ ಹೋದವಳೂ ಅಲ್ಲ.

ನನ್ನ ಅಂಜಿಕೆ ಯಾವುದೆಂದು ಸರಿಯಾಗಿ ಹೇಳಬೇಕು. ಅವರು ಮೋಸಗಾರರಿರಬಹುದು ಎಂಬ ಭಯ ನನಗಿಲ್ಲ. ಇಷ್ಟು ವರ್ಷ ಕಿವಿಯೊಳಗೆ ಇದ್ದ ಮನುಷ್ಯ ಕಣ್ಣೆದುರು ನಿಂತಾಗ, ಆ ಸಲುಗೆಯೆಲ್ಲ ಇಲ್ಲವಾಗಿಬಿಟ್ಟರೆ ಏನು ಮಾಡುವುದು? ಅಷ್ಟು ದೂರ ಹೋದಮೇಲೆ ‘ಇದು ನನಗೆ ಹೊಂದುವುದಿಲ್ಲ’ ಎಂದು ಅನ್ನಿಸಿದರೆ, ಅಥವಾ ಅವರಿಗೆ ಹಾಗೆ ಅನ್ನಿಸಿದರೆ, ಉಳಿದ ದಿನಗಳನ್ನು ಕಳೆಯುವುದು ಹೇಗೆ? ಇನ್ನೊಂದು, ಮನೆಯಲ್ಲಿ ಅಪ್ಪಯ್ಯ ಮತ್ತು ಆಯಿಗೆ ಇದನ್ನು ಹೇಳುವುದು ಹೇಗೆ? ಹೀಗೆ ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಕುಮಟಾ ಪೇಟೆ

ತಂಗೀ, ನಿವೃತ್ತನಾಗುವವರೆಗೂ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು ನಾನು. ಪರದೇಶದ ಸ್ನೇಹಿತ ಕಳಿಸಿದ ಉಡುಗೊರೆ ದೆಹಲಿಯ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಿದೆ, ಇವತ್ತೇ ಹಣ ಕಟ್ಟಿ ಬಿಡಿಸಬೇಕು ಎಂದು ಠೇವಣಿ ಮುರಿಸಲು ಬಂದವರನ್ನು ನೋಡಿದ್ದೇನೆ. ಅವರೆಲ್ಲ ಓದು ಕಲಿತವರೇ, ಮನೆಯಲ್ಲಿ ನಾಲ್ಕು ಜನಕ್ಕೆ ಬುದ್ಧಿ ಹೇಳುವಂಥವರೇ. ಆದ್ದರಿಂದ ನಿಮಗೆ ಭಯವಿಲ್ಲದಿದ್ದರೂ ನಾನು ಕೇಳಲೇಬೇಕು. ಹಣದ ಮಾತು ಒಮ್ಮೆಯಾದರೂ ಬಂದಿದೆಯೇ? ನೇರವಾಗಿ ಹಣ ಕೇಳದೆ, ತಾನು ತೋರಿಸಿದ ಕಡೆ ಹೂಡಿಕೆ ಮಾಡು ಎನ್ನುವ ಬಗೆಯೂ ಈಗ ಇದೆ. ಅವರನ್ನು ವಿಡಿಯೊದಲ್ಲಿ ಹಗಲು ಹೊತ್ತು, ಬಯಲಿನಲ್ಲಿ, ಬೇರೆಯವರ ಜೊತೆ ನೋಡಿದ್ದೀರಾ? ಅವರ ಕೆಲಸದ ವಿಚಾರ ಅವರ ಬಾಯಿಂದಲ್ಲದೆ ಇನ್ನೊಂದು ಕಡೆಯಿಂದ ತಿಳಿದಿದೆಯೇ? ಭಾರತದಲ್ಲಿರುವ ಯಾರೋ ಕೊಡುವ ಪೊಟ್ಟಣವನ್ನು ಬರುವಾಗ ತನ್ನಿ ಎಂದಿದ್ದಾರೆಯೇ? ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ನಿಮ್ಮ ಚೀಲದಲ್ಲಿ ಸಿಕ್ಕ ವಸ್ತುವಿಗೆ ಕಾನೂನು ಹಿಡಿಯುವುದು ನಿಮ್ಮನ್ನೇ.

ಓದುವ ಬೇರೆಯವರಿಗೂ ಒಂದು ಮಾತು: ಹಣ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ದೂರು ಪಡೆಯುವ ಸರ್ಕಾರಿ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟುತ್ತ ಕೈಗೆ ಸಿಗದಂತಾಗುತ್ತದೆ.

ಸೋಂದಾ ದಾರಿ (ಶಿರಸಿ)

ನೀವು ಕೇಳಿದ್ದು ಸರಿಯಾಗಿದೆ, ಬೇಸರವಿಲ್ಲ. ಹಣದ ಮಾತು ಎಂದೂ ಬಂದಿಲ್ಲ, ಪೊಟ್ಟಣದ್ದೂ ಇಲ್ಲ. ಅವರು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾರೆ. ಅವರ ತಾಯಿಯೊಂದಿಗೆ ವಿಡಿಯೊದಲ್ಲಿ ಮಾತಾಡಿದ್ದೇನೆ. ಹಕ್ಕಿ ನೋಡುವ ಹವ್ಯಾಸದ ಬೆಂಗಳೂರಿನವರೊಬ್ಬರು ಆ ಕಡೆ ಹೋಗಿದ್ದಾಗ ಅವರೊಡನೆ ಒಂದು ದಿನ ಕಾಡು ಸುತ್ತಿ ಬಂದಿದ್ದಾರೆ.

ಕುಮಟಾ ಪೇಟೆ

ಹಾಗಾದರೆ ನನ್ನ ಕಡೆಯಿಂದ ಇನ್ನೊಂದು ಪ್ರಶ್ನೆಯೂ ಇಲ್ಲ. ಧೈರ್ಯವಾಗಿ ಹೋಗಿ ಬನ್ನಿ.

ಕಾಳಿ ದಂಡೆ (ಕಾರವಾರ)

ನೀವು ಹೇಳಿದ ಅಂಜಿಕೆಯನ್ನು ನಾನು ಬಲ್ಲೆ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದವನು ನಾನು. ನನ್ನ ಹೆಂಡತಿ ಫಿಲಿಪೀನ್ಸ್‌ನವಳು, ಹಡಗಿನಲ್ಲಿ ನನ್ನ ಜೊತೆಗಿದ್ದವನ ತಂಗಿ. ಅವನ ಫೋನಿನಲ್ಲಿ ಒಂದು ನಮಸ್ಕಾರದಿಂದ ಶುರುವಾದದ್ದು, ಬಂದರಿನಿಂದ ಬಂದರಿಗೆ ನೆಟ್‌ವರ್ಕ್ ಸಿಕ್ಕಿದಾಗಲೆಲ್ಲ ಬೆಳೆಯುತ್ತ ಹೋಗಿ, ಒಂದು ರಜೆಯಲ್ಲಿ ಮನೆಗೆ ಬರುವ ಬದಲು ಮನಿಲಾಕ್ಕೆ ಹೋದೆ.

ರಾತ್ರಿಯಿಡೀ ನಿದ್ದೆಯಿಲ್ಲದೆ ವಿಮಾನ ಬದಲಿಸಿ ಇಳಿದಾಗ, ಹೊರಗೆ ಆಕೆ, ಆಕೆಯ ತಾಯಿ, ಚಿಕ್ಕಮ್ಮಂದಿರು, ಮಕ್ಕಳು, ಎಲ್ಲರೂ ನಿಂತಿದ್ದರು. ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡಿದ ನಾನು ಆಕೆಯ ಮುಖ ನೋಡಲಾಗದೆ ಚೀಲದ ಪಟ್ಟಿಯನ್ನು ಸರಿಮಾಡುತ್ತ ನಿಂತೆ. ಆಕೆಯೂ ನನ್ನೊಡನೆ ಮಾತಾಡದೆ ಅಣ್ಣನ ಕ್ಷೇಮವನ್ನೇ ಎರಡು ಸಲ ಕೇಳಿದಳು. ಆ ಸಂಜೆಯೆಲ್ಲ ನನ್ನ ತಲೆಯಲ್ಲಿದ್ದದ್ದು ನೀವು ಬರೆದ ಪ್ರಶ್ನೆಯೇ. ಮರುದಿನ ಬೆಳಿಗ್ಗೆ ಆಕೆಯ ತಾಯಿ ನಮ್ಮಿಬ್ಬರನ್ನೂ ಮೀನು ಪೇಟೆಗೆ ಕಳಿಸಿದರು. ಕಾರವಾರದವನಿಗೆ ಮೀನಿನ ಕಿವಿರೆತ್ತಿ ನೋಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ನಾನು ಬಂಗಡೆಯಂಥದ್ದೊಂದನ್ನು ಎತ್ತಿ, ಕಿವಿರು ಕಂದಿದೆಯೆಂದು ಕೆಳಗಿಟ್ಟೆ. ಆಕೆ ನಕ್ಕು, ತಾನೂ ಅದನ್ನೇ ಹೇಳಬೇಕೆಂದಿದ್ದೆ ಎಂದಳು. ಮಾತು ಅಲ್ಲಿ ಬಿಚ್ಚಿಕೊಂಡಿತು.

ಇದರಿಂದ ನಿಮಗೆ ಹೇಳಬೇಕಾದದ್ದು ಇಷ್ಟು. ಮೊದಲ ಗಂಟೆಯನ್ನು, ಮೊದಲ ದಿನವನ್ನೂ, ಯಾವ ತೀರ್ಮಾನಕ್ಕೂ ಆಧಾರ ಮಾಡಿಕೊಳ್ಳಬೇಡಿ. ಆಗ ಮಾತಾಡುವುದು ನಿದ್ದೆಗೆಟ್ಟ ಮೈ, ಮನಸ್ಸಲ್ಲ. ಎದುರುಬದುರು ಕುಳಿತು ಮಾತಾಡುವ ಏರ್ಪಾಡಿಗಿಂತ ಇಬ್ಬರ ಕೈಗೂ ಕಣ್ಣಿಗೂ ಕೆಲಸವಿರುವ ಏರ್ಪಾಡು ಒಳ್ಳೆಯದು, ನಿಮಗಂತೂ ಹಕ್ಕಿಗಳಿವೆ. ಉಳಿಯಲು ನಿಮ್ಮದೇ ಒಂದು ಕೋಣೆ ಇರಲಿ, ಬಾಗಿಲು ಹಾಕಿಕೊಂಡು ಒಬ್ಬರೇ ಕೂರಲು ಜಾಗವಿರಲಿ. ವಿಮಾನ ನಿಲ್ದಾಣಕ್ಕೆ ಬರುವುದು ಬೇಡವೆಂದು ಅವರಿಗೆ ಹೇಳಿ. ಕೋಣೆಗೆ ಹೋಗಿ, ಮಿಂದು, ಮಲಗಿ ಎದ್ದು ಮರುದಿನ ಭೇಟಿಯಾಗಿ.

ಯಲ್ಲಾಪುರದ ಅಕ್ಕ

ಕಾರವಾರದ ತಮ್ಮ ಹೇಳಿದ್ದರಲ್ಲಿ ಕೊನೆಯದೊಂದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಮ್ಮ ಕಡೆ ನೆಂಟರು ಬರುತ್ತಾರೆಂದರೆ ಬಸ್ ನಿಲ್ಲುವಲ್ಲಿಗೆ ಯಾರಾದರೂ ಹೋಗಿಯೇ ಹೋಗುತ್ತಾರೆ. ಅಷ್ಟು ದೂರದಿಂದ ಬಂದ ಹೆಣ್ಣುಮಗಳು ಗೊತ್ತಿಲ್ಲದ ಊರಿನಲ್ಲಿ ಚೀಲ ಎಳೆದುಕೊಂಡು ವಿಳಾಸ ಹುಡುಕುವುದು ಬೇಡ. ಅವರು ಬರಲಿ, ಕೋಣೆಯ ಬಾಗಿಲವರೆಗೆ ಬಿಟ್ಟು ಹೋಗಲಿ. ಕರೆದುಕೊಂಡು ಹೋಗಿ ಬಿಟ್ಟು, ತಾವಾಗಿ ಹಿಂದಿರುಗುವ ತಿಳಿವಳಿಕೆ ಅವರಲ್ಲಿದೆಯೇ ಎಂಬುದೂ ಅಲ್ಲಿಯೇ ಗೊತ್ತಾಗುತ್ತದೆ.

ಮನೆಯ ವಿಚಾರಕ್ಕೆ ಬರುತ್ತೇನೆ. ತಂಗೀ, ವೀಸಾಕ್ಕೆ ಅರ್ಜಿ ಹಾಕುವ ಮೊದಲೇ ಹೇಳಿ. ಟಿಕೆಟ್ ಆದಮೇಲೆ ಹೇಳಿದರೆ ಹೇಳಿದಂತಾಗುವುದಿಲ್ಲ, ತಿಳಿಸಿದಂತಾಗುತ್ತದೆ, ಆಗ ಅವರಿಗೆ ನೋಯುವುದು ನೀವು ಹೋಗುವುದರಿಂದಲ್ಲ, ತಮ್ಮನ್ನು ಬಿಟ್ಟು ತೀರ್ಮಾನವಾಯಿತಲ್ಲ ಎಂಬುದರಿಂದ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಹೇಳಬೇಡಿ. ಮೊದಲು ಆಯಿಗೆ ಹೇಳಿ, ಅವರಿಗೆ ಎರಡು ದಿನ ಯೋಚಿಸಲು ಬಿಡಿ. ಹೋಗಿ ನೋಡುವುದೇ ಮದುವೆ ಮಾಡಿಕೊಳ್ಳುವುದಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಿ. ಗಂಡಿನ ಕಡೆಯವರು ಬಂದು ಹೆಣ್ಣು ನೋಡಿ ಹೋಗುವುದನ್ನು ನಾವು ತಲೆಮಾರುಗಳಿಂದ ಒಪ್ಪಿಕೊಂಡಿದ್ದೇವೆ. ಹೆಣ್ಣು ಹೋಗಿ ನೋಡಿ ಬರುವುದನ್ನು ಒಪ್ಪಲು ನಮಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೆ.

ಭಟ್ಕಳದವಳು, ದುಬೈಯಿಂದ

ನನ್ನ ಕಥೆ ಬೇರೆ ಬಗೆಯದು. ಕೊರೊನಾ ಕಾಲದಲ್ಲಿ, 2020ರ ಮಾರ್ಚ್ ಕೊನೆಯಲ್ಲಿ ವಿಮಾನಗಳು ನಿಂತುಹೋದಾಗ, ನನ್ನ ನಿಕಾಹ್ ನಡೆದದ್ದು ಅವರು ದುಬೈಯಲ್ಲಿ ಇರುವಂತೆಯೇ. ಮನೆಯವರು ಕೂಡಿಸಿದ ಸಂಬಂಧ. ಅವರನ್ನು ನಾನು ಎದುರಿಗೆ ನೋಡಿದ್ದೇ ಇಲ್ಲ. ವಿಮಾನ ಸಿಕ್ಕಮೇಲೆ ಒಬ್ಬಳೇ ಹೋದೆ. ಇಬ್ಬರ ಮುಖಕ್ಕೂ ಮಾಸ್ಕ್ ಇತ್ತು, ಕಣ್ಣು ಮಾತ್ರ ಕಾಣುತ್ತಿತ್ತು.

ಅಕ್ಕಾ, ನಿಮಗೂ ನನಗೂ ಒಂದು ವ್ಯತ್ಯಾಸವಿದೆ. ನನಗೆ ಹೊಂದದಿದ್ದರೂ ಹಿಂದಿರುಗುವ ದಾರಿ ಸುಲಭವಿರಲಿಲ್ಲ. ನಮ್ಮದು ಚೆನ್ನಾಗಿಯೇ ಆಯಿತು, ದೇವರ ದಯೆ. ಆದರೆ ಆ ಹಾರಾಟದ ಉದ್ದಕ್ಕೂ ಎದೆಯ ಮೇಲೆ ಕೂತಿದ್ದ ಭಾರ ಯಾವುದೆಂದು ನನಗೆ ಗೊತ್ತು. ನಿಮ್ಮ ಕೈಯಲ್ಲಿ ಹಿಂದಿರುಗುವ ಟಿಕೆಟ್ ಇರುತ್ತದೆ, ಯಾರ ಮಾತೂ ಇನ್ನೂ ಮುಗಿದಿರುವುದಿಲ್ಲ. ಆ ಬಿಡುವನ್ನು ಪೂರ್ತಿಯಾಗಿ ಬಳಸಿಕೊಳ್ಳಿ.

ಹೊನ್ನಾವರದ ಹುಡುಗ, ಡ್ರೆಸ್ಡೆನ್

ನಾನು ಲೈಪ್‌ಜಿಗ್‌ಗೆ ಹತ್ತಿರದ ಊರಿನಲ್ಲಿಯೇ ಓದುತ್ತಿದ್ದೇನೆ, ಆದ್ದರಿಂದ ಕಾಗದಪತ್ರದ ವಿಚಾರ ಹೇಳುತ್ತೇನೆ ಅಕ್ಕಾ. ನಿಮಗೆ ಬೇಕಾದದ್ದು ಅಲ್ಪಾವಧಿಯ ಷೆಂಗೆನ್ ವೀಸಾ, ಅಂದರೆ ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಬೆರಳಚ್ಚು ಕೊಡಲು, ವೀಸಾ ಅರ್ಜಿ ಪಡೆಯುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರಕ್ಕೆ ನೀವೇ ಹೋಗಬೇಕು. ಶುಲ್ಕ 2024ರ ಜೂನ್‌ನಿಂದ 90 ಯೂರೊ ಆಗಿದೆ, ಕೇಂದ್ರದ ಸೇವಾಶುಲ್ಕ ಬೇರೆ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಎನ್ನುತ್ತಾರೆ, ಆದರೆ 45 ದಿನದವರೆಗೂ ಎಳೆಯಬಹುದು. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸಿ ವೈದ್ಯಕೀಯ ವಿಮೆ ಕಡ್ಡಾಯ. ಭೇಟಿಯ ಕಾರಣವನ್ನು ಇದ್ದದ್ದಿದ್ದ ಹಾಗೆ, ಸ್ನೇಹಿತರನ್ನು ನೋಡಲು ಎಂದೇ ಬರೆಯಿರಿ. ಪ್ರವಾಸ ಎಂದು ಬರೆದು ಗಡಿಯಲ್ಲಿ ಬೇರೆ ಹೇಳಿದರೆ ತೊಂದರೆಯಾಗುತ್ತದೆ. ಕೆಲಸದ ಕಡೆಯಿಂದ ರಜೆ ಮಂಜೂರಾದ ಪತ್ರ ತಪ್ಪದೆ ಇರಲಿ. ಮದುವೆಯಾಗದ, ಒಬ್ಬರೇ ಹೋಗುವ ಅರ್ಜಿದಾರರು ಹಿಂದಿರುಗುತ್ತಾರೆಯೇ ಎಂಬುದನ್ನೇ ಅವರು ಹೆಚ್ಚು ನೋಡುವುದು.

2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಫೋಟೊ, ಬೆರಳಚ್ಚು ತೆಗೆದುಕೊಳ್ಳುವ ಪದ್ಧತಿಯನ್ನು ಹಂತಹಂತವಾಗಿ ತಂದಿದ್ದಾರೆ, ಸಾಲಿನಲ್ಲಿ ಹೊತ್ತು ಹಿಡಿದರೆ ಗಾಬರಿಯಾಗಬೇಡಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವಿದೆ. ಅಲ್ಲಿಯ ನಿಲ್ದಾಣದೊಳಗೇ ದೂರದ ರೈಲು ಹತ್ತುವ ಜಾಗವಿದೆ, ಲೈಪ್‌ಜಿಗ್‌ಗೆ ಮೂರು ಗಂಟೆಯ ಮೇಲೆ ಸ್ವಲ್ಪ ಹಿಡಿಯುತ್ತದೆ.

ಇನ್ನೊಂದು ಸಂಗತಿ. ಆಹ್ವಾನಿಸುವವರು ಅಲ್ಲಿಯ ಕಚೇರಿಗೆ ಹೋಗಿ, ಅತಿಥಿಯ ಖರ್ಚೆಲ್ಲ ತನ್ನ ಹೊಣೆ ಎಂದು ಬರೆದುಕೊಡುವ ಹೊಣೆಪತ್ರವೊಂದಿದೆ. ಅದಿದ್ದರೆ ನಿಮ್ಮ ಖಾತೆಯಲ್ಲಿ ಹೆಚ್ಚು ಹಣ ತೋರಿಸಬೇಕಾಗಿಲ್ಲ. ಅದನ್ನು ಕೇಳಿ ಪಡೆಯಿರಿ.

ಯಲ್ಲಾಪುರದ ಅಕ್ಕ

ಹೊಣೆಪತ್ರ ಬೇಡವೆಂದು ನನ್ನ ಅಭಿಪ್ರಾಯ. ಇನ್ನೊಬ್ಬರ ಖರ್ಚಿನಲ್ಲಿ ನೋಡಲು ಹೋದವಳಿಗೆ ‘ಒಲ್ಲೆ’ ಎನ್ನಲು ನಾಲಿಗೆ ಏಳುವುದಿಲ್ಲ. ಕೈಯಲ್ಲಿ ಹಣವಿಲ್ಲದಿದ್ದರೆ ಒಂದು ವರ್ಷ ತಡವಾಗಲಿ, ಕೂಡಿಟ್ಟುಕೊಂಡು ಹೋಗಿ.

ಹೊನ್ನಾವರದ ಹುಡುಗ, ಡ್ರೆಸ್ಡೆನ್

ಅಕ್ಕ ಹೇಳುವುದು ನನಗೆ ಅರ್ಥವಾಗುತ್ತದೆ, ಆದರೆ ಕಾಗದ ಬೇರೆ, ಖರ್ಚು ಬೇರೆ. ಪತ್ರ ಇದ್ದ ಮಾತ್ರಕ್ಕೆ ಅವರ ಹಣದಲ್ಲಿಯೇ ಇರಬೇಕೆಂದಿಲ್ಲ.

ಸೋಂದಾ ದಾರಿ (ಶಿರಸಿ)

ಇಬ್ಬರ ಮಾತನ್ನೂ ಓದಿ ಬಹಳ ಯೋಚಿಸಿದೆ. ಹೊಣೆಪತ್ರ ಬೇಡವೆಂದು ತೀರ್ಮಾನಿಸಿದ್ದೇನೆ. ಸಂಬಳದಲ್ಲಿ ಉಳಿಸಿದ್ದು ಸಾಕಾಗುತ್ತದೆ. ಅವರಿಗೆ ಹೇಳಿದಾಗ ಮೊದಲು ಸ್ವಲ್ಪ ಹೊತ್ತು ಸುಮ್ಮನಿದ್ದು, ಅದು ನ್ಯಾಯವಾದದ್ದು ಎಂದರು.

ಮನೆಯಲ್ಲಿಯೂ ಹೇಳಿದೆ, ಯಲ್ಲಾಪುರದ ಅಕ್ಕ ಹೇಳಿದ ಕ್ರಮದಲ್ಲಿಯೇ. ಆಯಿ ದೋಸೆ ಎರೆಯುತ್ತಿದ್ದರು. ಹೇಳಿ ಮುಗಿಸುವವರೆಗೂ ಮಾತಾಡದೆ, ಕಾವಲಿಯ ಮೇಲಿನದನ್ನು ತೆಗೆದು ನನ್ನ ತಟ್ಟೆಗೆ ಹಾಕಿ, “ಅವರ ತಾಯಿ ಇದ್ದಾರೆಯೇ?” ಎಂದು ಕೇಳಿದರು. ಇದ್ದಾರೆ ಎಂದೆ. “ಹಾಗಾದರೆ ಆಕೆಗೆ ನೀನು ಬರುವುದು ಗೊತ್ತಿದೆಯೇ?” ಅದೂ ಗೊತ್ತಿದೆ ಎಂದಮೇಲೆ ಇನ್ನೇನನ್ನೂ ಕೇಳಲಿಲ್ಲ. ಅಪ್ಪಯ್ಯ ಮೂರು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೆಯ ದಿನ ಜಗುಲಿಯಲ್ಲಿ ಕವಳ ಹಾಕುತ್ತ ಕುಳಿತು, ಅಲ್ಲಿ ಯಾವ ತಿಂಗಳು ಎಷ್ಟು ಚಳಿ, ವಿಮಾನದಲ್ಲಿ ನಮ್ಮ ಊಟ ಸಿಗುತ್ತದೆಯೇ ಎಂದು ವಿಚಾರಿಸಿದರು. ಒಪ್ಪಿದ್ದೇನೆ ಎಂದು ಅವರು ಹೇಳಿಲ್ಲ, ಬೇಡವೆಂದೂ ಹೇಳಿಲ್ಲ. ಊರಿನವರಿಗೆ ಹಕ್ಕಿ ನೋಡಲು ಹೋಗುತ್ತಾಳೆ ಎಂದು ಹೇಳುವುದಾಗಿ ಆಯಿ ಹೇಳಿದ್ದಾರೆ. ಅದೂ ಸುಳ್ಳಲ್ಲ.

ಅವರು ಲೈಪ್‌ಜಿಗ್ ರೈಲು ನಿಲ್ದಾಣಕ್ಕೆ ಬಂದು, ನನ್ನನ್ನು ಕೋಣೆಗೆ ಬಿಟ್ಟು ಹೋಗುವುದೆಂದು ಮಾತಾಗಿದೆ. ಇಲ್ಲಿ ಬರೆಯಲು ಸಂಕೋಚವಾಗುತ್ತದೆ, ಆದರೂ ಕೇಳುತ್ತೇನೆ: ಎದುರಾದ ಕ್ಷಣದಲ್ಲಿ ಅವರ ಕಡೆ ಅಪ್ಪಿಕೊಳ್ಳುವ ರೂಢಿಯಿದೆ. ನಾನೇನು ಮಾಡಲಿ?

ಕಾಳಿ ದಂಡೆ (ಕಾರವಾರ)

ಮೊದಲೇ ಹೇಳಿಬಿಡಿ. ‘ನಾನು ಕೈ ಮುಗಿಯುತ್ತೇನೆ’ ಎಂದು ಫೋನಿನಲ್ಲಿ ಹೇಳುವುದು ಸುಲಭ, ಪ್ಲಾಟ್‌ಫಾರ್ಮಿನಲ್ಲಿ ಹಿಂದೆ ಸರಿಯುವುದು ಕಷ್ಟ. ಮುಂದಿನದು ಮುಂದಾಯಿತು.

ಅಂಕೋಲೆಯವಳು

ಉಡುಗೊರೆ ಕಟ್ಟುವ ಮೊದಲು ಇದನ್ನು ಓದಿ. ಯುರೋಪಿಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಆದ್ದರಿಂದ ಮನೆಯ ತುಪ್ಪ, ಪೇಡೆ ಬೇಡ. ಜೇನುತುಪ್ಪಕ್ಕೆ ಎರಡು ಕಿಲೋವರೆಗೆ ಅವಕಾಶವಿದೆ. ಶಿರಸಿಯವರು ಒಯ್ಯಬೇಕಾದದ್ದೂ ಅದನ್ನೇ. ಜೇನು, ಜೋನಿಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ, ಇವನ್ನೆಲ್ಲ ಎರಡೆರಡು ಪ್ಲಾಸ್ಟಿಕ್ ಹಾಕಿ ಬಿಗಿದು ಚೆಕ್-ಇನ್ ಪೆಟ್ಟಿಗೆಯಲ್ಲಿಡಿ, ಕೈಚೀಲದಲ್ಲಿ ದ್ರವ ಪದಾರ್ಥ 100 ಮಿಲಿಲೀಟರಿಗಿಂತ ಹೆಚ್ಚಿನ ಡಬ್ಬಿಯಲ್ಲಿದ್ದರೆ ಬಿಡುವುದಿಲ್ಲ. ಒಣಕೊಬ್ಬರಿ ಪೆಟ್ಟಿಗೆಯಲ್ಲಿದ್ದರೆ ತೆಗೆಸುತ್ತಾರೆ, ಎಣ್ಣೆಯಂಶ ಹೆಚ್ಚಿದ್ದು ಬೆಂಕಿ ಹತ್ತುವ ವಸ್ತು ಎಂಬ ಕಾರಣಕ್ಕೆ. ಪವರ್‌ಬ್ಯಾಂಕ್ ಮಾತ್ರ ಕೈಚೀಲದಲ್ಲಿಯೇ ಇರಬೇಕು. ತೊಡದೇವನ್ನು ಒಯ್ಯುವ ಆಸೆಯಿದ್ದರೆ ಗಟ್ಟಿ ಸ್ಟೀಲ್ ಡಬ್ಬಿಯಲ್ಲಿ ಒಯ್ಯಿರಿ. ಕಾಗದಕ್ಕಿಂತ ತೆಳುವಾದ ಆ ಸಿಹಿ ತಿಂಡಿ ಪುಡಿಯಾಗದೆ ತಲುಪಲು ಬೇರೆ ದಾರಿಯಿಲ್ಲ.

ಸೋಂದಾ ದಾರಿ (ಲೈಪ್‌ಜಿಗ್‌ನಿಂದ)

ಎಲ್ಲರೂ ಕೇಳುತ್ತಿದ್ದೀರಿ, ತಡವಾಗಿ ಬರೆಯುತ್ತಿದ್ದೇನೆ. ವೀಸಾ ಬಂತು, ಬಂದಿಳಿದೆ, ಕ್ಷೇಮವಾಗಿದ್ದೇನೆ. ಗಡಿಯಲ್ಲಿ ಅಧಿಕಾರಿಯು ಎಲ್ಲಿ ಉಳಿಯುತ್ತೀರಿ, ಎಂದು ಹಿಂದಿರುಗುತ್ತೀರಿ ಎಂಬ ಎರಡನ್ನೇ ಕೇಳಿದರು.

ಭೇಟಿಯ ವಿಚಾರವನ್ನು ನಡೆದ ಹಾಗೆಯೇ ಹೇಳುತ್ತೇನೆ, ಏಕೆಂದರೆ ಹೀಗಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಕೈ ಮುಗಿದೆ, ಅವರೂ ಮುಗಿದರು. ಅಲ್ಲಿಯವರೆಗೆ ಸರಿಯಾಗಿತ್ತು. ಆದರೆ ಅವರು ಮಾತಾಡಲು ತೊಡಗಿದಾಗ ನನಗೆ ಅರ್ಥವೇ ಆಗಲಿಲ್ಲ. ಇಷ್ಟು ವರ್ಷ ಅವರ ದನಿ ಇಯರ್‌ಫೋನಿನಲ್ಲಿ, ಕಿವಿಯ ಒಳಗೇ, ಬೇರೆ ಸದ್ದಿಲ್ಲದೆ ಬರುತ್ತಿತ್ತು. ಈಗ ಅದು ನನ್ನ ತಲೆಗಿಂತ ಮೇಲಿನಿಂದ, ನಿಲ್ದಾಣದ ಗದ್ದಲದ ನಡುವಿನಿಂದ, ಒಂದು ಮಾರು ದೂರದಿಂದ ಬರುತ್ತಿತ್ತು. ಅವರ ಇಂಗ್ಲಿಷಿನ ಉಚ್ಚಾರ ನನಗೆ ಎಂದೂ ಕಷ್ಟವಾಗಿರಲಿಲ್ಲ, ಆ ಹೊತ್ತಿನಲ್ಲಿ ಪ್ರತಿ ಮಾತನ್ನೂ ಎರಡು ಸಲ ಕೇಳಬೇಕಾಯಿತು. ನಾನು ಹೆದರಿದ್ದದ್ದು ಇದಕ್ಕೇ ಅಲ್ಲವೇ ಎಂದು ಅನ್ನಿಸಿತು. ಕೋಣೆಯ ಬಾಗಿಲಿನವರೆಗೆ ಬಂದು, ಪೆಟ್ಟಿಗೆಯನ್ನು ಒಳಗಿಟ್ಟು, ಹೊಸ್ತಿಲ ಹೊರಗೆ ನಿಂತು, ನಾಳೆ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿ ಹೊರಟುಹೋದರು. ಅಕ್ಕಾ, ನೀವು ನೋಡು ಎಂದದ್ದನ್ನು ನೋಡಿದೆ.

ರಾತ್ರಿ ಒಂಬತ್ತಾದರೂ ಬೆಳಕಿತ್ತು, ನಿದ್ದೆ ಬರಲಿಲ್ಲ. ಅವರಿಗೆ ಫೋನು ಮಾಡಿದೆ. ಅದೇ ಊರಿನಲ್ಲಿದ್ದುಕೊಂಡು ಇಯರ್‌ಫೋನ್ ಹಾಕಿಕೊಂಡು ಮಾತಾಡಿದೆವು, ಮೊದಲಿನ ಹಾಗೆಯೇ. ನಿಲ್ದಾಣದಲ್ಲಿ ನಿಮ್ಮ ಮಾತು ಅರ್ಥವಾಗಲಿಲ್ಲ ಎಂದು ಹೇಳಿದೆ. ಅವರು, ನಿನ್ನ ಮುಖ ನೋಡುತ್ತಿದ್ದುದರಿಂದ ನನಗೂ ನಿನ್ನ ಮಾತು ಕೇಳಿಸಲಿಲ್ಲ ಎಂದರು. ಮೊದಲ ಎರಡು ಮೂರು ದಿನ ಹೀಗೆಯೇ ನಡೆಯಿತು. ಹಗಲು ಎದುರಿಗೆ ತಡವರಿಸುವುದು, ರಾತ್ರಿ ಫೋನಿನಲ್ಲಿ ಅದನ್ನು ಸರಿಮಾಡಿಕೊಳ್ಳುವುದು. ಊರೊಳಗೇ ಇರುವ ನದಿಬಯಲಿನ ಕಾಡಿನಲ್ಲಿ, ಕಾಡುಬೆಳ್ಳುಳ್ಳಿಯ ವಾಸನೆ ತುಂಬಿದ ಕಾಲುದಾರಿಯಲ್ಲಿ, ಪಕ್ಕಪಕ್ಕದಲ್ಲಿ ನಡೆಯುವಾಗ, ಅಂದರೆ ಒಬ್ಬರ ಮುಖ ಒಬ್ಬರಿಗೆ ಕಾಣದಿರುವಾಗ, ಮಾತು ಸಲೀಸಾಯಿತು. ಈಗ ಎದುರು ಕುಳಿತು ಊಟ ಮಾಡುವಾಗಲೂ ಆಗುತ್ತಿದೆ. ದನಿಯಲ್ಲಿ ಗೊತ್ತೇ ಆಗದ ಸಂಗತಿಗಳೂ ಕಂಡವು: ಅವರು ಬಹಳ ನಿಧಾನವಾಗಿ ಉಣ್ಣುತ್ತಾರೆ, ಸಮಯ ಮೀರಿದರೆ ಸಿಡಿಮಿಡಿಗೊಳ್ಳುತ್ತಾರೆ. ನಾನು ಕೇಳದಿದ್ದರೂ ನನ್ನ ಅಡುಗೆಗೆಂದು ಹೊಸ ಪಾತ್ರೆ ತಂದಿಟ್ಟಿದ್ದರು. ಅವರ ತಾಯಿ ತೊಡದೇವನ್ನು ಬೆಳಕಿಗೆ ಹಿಡಿದು ನೋಡಿ, ಇದನ್ನು ಕೈಯಲ್ಲಿ ಮಾಡಿದ್ದೇ ಎಂದು ನಂಬದೆ ಕೇಳಿದರು. ವಿಡಿಯೊದಲ್ಲಿ ಆಯಿಯೇ ಉತ್ತರ ಕೊಟ್ಟರು.

ಮದುವೆಯ ಮಾತು ಇನ್ನೂ ಆಗಿಲ್ಲ. ನಮ್ಮ ಮನೆಯನ್ನು ನೋಡದೆ ಆ ಮಾತು ಎತ್ತುವುದು ಸರಿಯಲ್ಲ ಎಂಬುದು ಅವರ ಅಭಿಪ್ರಾಯ, ನನಗೂ ಅದೇ ಸರಿ ಎನ್ನಿಸಿದೆ. ಜುಲೈನಲ್ಲಿ ರಜೆ ಸಿಗುವುದರಿಂದ ಆಗ ಬರುತ್ತಾರೆ. ಗೋವಾಕ್ಕೆ ಇಳಿದು ಕರಾವಳಿಯಿಂದ ಬರಬೇಕೆಂದು ಅವರಿಗೆ ಆಸೆಯಿದೆ. ನಮ್ಮ ಮನೆಯಲ್ಲಿಯೇ ಉಳಿಸಿಕೊಳ್ಳಬಹುದೇ? ಅದಕ್ಕೆ ಏನಾದರೂ ನಿಯಮವಿದೆಯೇ?

ಕಾಳಿ ದಂಡೆ (ಕಾರವಾರ)

ಓದಿ ಬಹಳ ಸಂತೋಷವಾಯಿತು ತಂಗೀ. ವಿದೇಶಿಯರನ್ನು ಮನೆಯಲ್ಲಿ ಉಳಿಸಿಕೊಂಡರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು, ಹೋಟೆಲಿಗೆ ಮಾತ್ರವಲ್ಲ, ಮನೆಯವರಿಗೂ ಅದೇ ನಿಯಮ. ನಮ್ಮ ಅತ್ತೆಯವರು ಬಂದಾಗಲೆಲ್ಲ ನಾನು ಮಾಡುತ್ತೇನೆ. ಅವರ ಪಾಸ್‌ಪೋರ್ಟ್, ವೀಸಾದ ಪ್ರತಿಗಳನ್ನು ಮುಂಚೆಯೇ ತರಿಸಿಟ್ಟುಕೊಂಡು, ಆ ತಾಣದಲ್ಲಿ ನಿಮ್ಮ ಮನೆಯವರ ಹೆಸರು ನೋಂದಾಯಿಸುವುದನ್ನು ಈಗಲೇ ಮುಗಿಸಿಡಿ.

ಆದರೆ ಜುಲೈನಲ್ಲಿ ಕರಾವಳಿಯ ದಾರಿ ಬೇಡ. 2024ರ ಜುಲೈ 16ರಂದು ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು, ಆಗಸ್ಟ್ 7ರ ನಸುಕಿನಲ್ಲಿ ಇಲ್ಲಿ ಕಾಳಿ ನದಿಯ ಹಳೆಯ ಸೇತುವೆಯೇ ಬಿತ್ತು. ಗೋವಾದಿಂದ ಶಿರಸಿಗೆ ಬರಲು ಕಾಳಿಯನ್ನೂ ದಾಟಬೇಕು, ಘಟ್ಟವನ್ನೂ ಹತ್ತಬೇಕು. ಅವರನ್ನು ಬೆಂಗಳೂರಿಗೆ ಇಳಿಸಿ, ಅಲ್ಲಿಂದ ಹುಬ್ಬಳ್ಳಿಗೆ ಬರಲಿ. ಹುಬ್ಬಳ್ಳಿಯಿಂದ ಶಿರಸಿಗೆ ಘಟ್ಟವಿಲ್ಲದ ದಾರಿ. ಕರಾವಳಿಯನ್ನು ನೋಡಲು ಮಳೆ ಬಿಟ್ಟಮೇಲೆ ಇಬ್ಬರೂ ಬನ್ನಿ, ನಮ್ಮ ಮನೆಯಲ್ಲಿಯೇ ಇಳಿದುಕೊಳ್ಳಿ.

ಯಲ್ಲಾಪುರದ ಅಕ್ಕ

ಹುಬ್ಬಳ್ಳಿಗೆ ಕರೆತರಲು ನಿಮ್ಮ ಅಪ್ಪಯ್ಯನನ್ನೇ ಕಳಿಸಿ ತಂಗೀ. ನೀವು ಮನೆಯಲ್ಲಿರಿ.